31ನೇ ವಯಸ್ಸಿನಲ್ಲಿ ಮತ್ತೆ ಶುರುವಾದ ಆಟ: ಫೆರೆಂತ್ಸ್ ಪುಷ್ಕಾಶ್

ಪ್ರಶ್ನೆ: 2022ರ ಜೂನ್‌ನಲ್ಲಿ ಸುನಿಲ್ ಛೆಟ್ರಿ ಹಾಂಗ್‌ಕಾಂಗ್ ವಿರುದ್ಧ ಗೋಲು ಹೊಡೆದು ಹಂಗೆರಿಯ ಪುಷ್ಕಾಶ್ ದೇಶದ ಪರ ಹೊಡೆದ 84 ಗೋಲುಗಳನ್ನು ಸರಿಗಟ್ಟಿದರು ಎಂದು ಓದಿದ್ದೆ. ಅಂದಿನಿಂದ ಈ ಹೆಸರು ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ. 85 ಪಂದ್ಯಗಳಲ್ಲಿ 84 ಗೋಲು ಎಂದರೆ ನಂಬುವುದೇ ಕಷ್ಟ. ಆ ಕಾಲದ ಎದುರಾಳಿಗಳು ಅಷ್ಟು ದುರ್ಬಲರಾಗಿದ್ದರೇ? ಎರಡು ವರ್ಷ ಆಟದಿಂದ ದೂರವಿದ್ದು, ಮೈ ಬಂದು, 31ನೇ ವಯಸ್ಸಿನಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿ ಅಲ್ಲಿಯೂ ಅಷ್ಟೊಂದು ಗೋಲು ಹೊಡೆದದ್ದು ಹೇಗೆ? ಹಂಗೆರಿ, ಸ್ಪೇನ್ ಎರಡೂ ದೇಶಗಳ ಪರ ಆಡಲು ಅವರಿಗೆ ಅವಕಾಶ ಸಿಕ್ಕಿದ್ದು ಹೇಗೆ? ಕೊನೆಯದಾಗಿ, ಅವರ ಆಟವನ್ನು ಇಂದು ನೋಡಬೇಕೆಂದರೆ ಯಾವ ಪಂದ್ಯ ನೋಡಲಿ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಎರಡನೆಯದಕ್ಕೆ, ಅಂದರೆ 31ನೇ ವಯಸ್ಸಿನ ಪುಷ್ಕಾಶ್ ಕುರಿತು ಕೇಳಿದ್ದಕ್ಕೆ, ಹೆಚ್ಚು ಜಾಗ ಕೊಡುತ್ತೇನೆ. ಅವರ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಅದನ್ನು ಪವಾಡ ಎಂದು ಕರೆದು ಮುಂದೆ ಹೋಗಿಬಿಡುತ್ತಾರೆ. ಪವಾಡ ಎಂದುಬಿಟ್ಟರೆ ಅದರಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಹುಡುಗರಿಗೆ ಫುಟ್‌ಬಾಲ್ ಕಲಿಸುವ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮ್ಯಾಡ್ರಿಡ್‌ನಲ್ಲಿ ಅವರು ಮಾಡಿದ್ದಕ್ಕೆಲ್ಲ ಕಾರಣಗಳಿವೆ. ಆ ಕಾರಣಗಳು ಅವರು ಹಂಗೆರಿಯಲ್ಲಿ ಕಳೆದ ವರ್ಷಗಳಲ್ಲಿವೆ. ಹಾಗಾಗಿ ಅಲ್ಲಿಂದಲೇ ಹೊರಡಬೇಕು.

ಪುಷ್ಕಾಶ್ ಹುಟ್ಟಿದ್ದು 1927ರ ಏಪ್ರಿಲ್‌ನಲ್ಲಿ, ಬುಡಾಪೆಸ್ಟ್‌ನಲ್ಲಿ. ಮನೆತನ ಜರ್ಮನ್ ಮೂಲದ್ದು. ಪುರ್ತ್ಸೆಲ್ಡ್ ಎಂಬ ಮನೆತನದ ಹೆಸರನ್ನು ತಂದೆ 1937ರಲ್ಲಿ ಪುಷ್ಕಾಶ್ ಎಂದು ಬದಲಿಸಿಕೊಂಡರು. ಬೆಳೆದದ್ದು ಆಗ ನಗರದ ಹೊರಗಿದ್ದ ಕಿಶ್ಪೆಶ್ಟ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ತಂದೆ ಅಲ್ಲಿನ ಕ್ಲಬ್‌ನಲ್ಲಿ ಆಡಿದವರು, ಮುಂದೆ ಅದೇ ಕ್ಲಬ್‌ಗೆ ತರಬೇತುದಾರರೂ ಆದವರು. ಪಕ್ಕದ ಮನೆಯಲ್ಲಿದ್ದ ಹುಡುಗನ ಹೆಸರು ಯೋಝೆಫ್ ಬೊಝಿಕ್. ಇಬ್ಬರೂ ಚಿಂದಿ ಬಟ್ಟೆಯ ಚೆಂಡಿನಲ್ಲಿ ಆಡುತ್ತ ಬೆಳೆದರು. 12 ವರ್ಷ ತುಂಬದೆ ಕ್ಲಬ್‌ನಲ್ಲಿ ಹೆಸರು ನೋಂದಾಯಿಸುವಂತಿರಲಿಲ್ಲ. ಅಲ್ಲಿಯವರೆಗೆ ಪುಷ್ಕಾಶ್ ಆಡಿದ್ದು ಮಿಕ್ಲೋಶ್ ಕೊವಾಚ್ ಎಂಬ ಸುಳ್ಳು ಹೆಸರಿನಲ್ಲಿ. ಬೊಝಿಕ್ ಮುಂದೆ ಜಗತ್ತಿನ ಶ್ರೇಷ್ಠ ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬರಾದರು. ಚೆಂಡು ಎಲ್ಲಿಗೆ ಬರುತ್ತದೆ ಎಂಬುದು ಪುಷ್ಕಾಶ್‌ಗೆ ಮೊದಲೇ ಗೊತ್ತಿರುತ್ತಿತ್ತು ಎಂದು ಹೇಳುತ್ತಾರಲ್ಲ, ಅದರಲ್ಲಿ ಈ ನೆರೆಮನೆಯ ಗೆಳೆತನದ ಪಾಲು ದೊಡ್ಡದು. ಕೊಡುವವರ ಕಾಲಿನ ಮನಸ್ಸು ಓದುವುದನ್ನು ಅವರು ಏಳೆಂಟು ವರ್ಷದವರಿದ್ದಾಗಲೇ ಕಲಿತಿದ್ದರು.

1943ರಲ್ಲಿ, 16ನೇ ವಯಸ್ಸಿನಲ್ಲಿ, ಕ್ಲಬ್‌ನ ಹಿರಿಯರ ತಂಡಕ್ಕೆ ಬಂದರು. 1945ರ ಆಗಸ್ಟ್‌ನಲ್ಲಿ, ಯುದ್ಧ ಮುಗಿದ ಬೆನ್ನಿಗೇ, ಆಸ್ಟ್ರಿಯಾ ವಿರುದ್ಧ ದೇಶದ ಪರ ಮೊದಲ ಪಂದ್ಯ ಆಡಿ ಗೋಲು ಹೊಡೆದರು. 1947–48ರ ಋತುವಿನಲ್ಲಿ ಹಂಗೆರಿಯ ಲೀಗ್‌ನಲ್ಲಿ 50 ಗೋಲು. ಆ ಕಾಲದ ಒಂದು ಘಟನೆ ಅವರ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಆಗ ಕಿಶ್ಪೆಶ್ಟ್‌ಗೆ ಬೇಲಾ ಗುಟ್ಮನ್ ಎಂಬ ಕಟ್ಟುನಿಟ್ಟಿನ ಕೋಚ್ ಬಂದಿದ್ದರು. ಒಂದು ಪಂದ್ಯದ ಮಧ್ಯಂತರದಲ್ಲಿ, ಒರಟಾಗಿ ಆಡುತ್ತಿದ್ದ ಡಿಫೆಂಡರ್ ಒಬ್ಬರಿಗೆ ಮತ್ತೆ ಮೈದಾನಕ್ಕೆ ಇಳಿಯಬೇಡ ಎಂದರು. ಬದಲಿ ಆಟಗಾರರಿಲ್ಲದ ಕಾಲ ಅದು. ತಂಡ ಹತ್ತೇ ಜನರೊಂದಿಗೆ ಆಡಬೇಕಾಗುತ್ತಿತ್ತು. ನಾಯಕ ಪುಷ್ಕಾಶ್ ಆ ಆಟಗಾರನಿಗೆ, ನೀನು ಆಡು ಎಂದರು. ಆತ ಆಡಿದ. ಗುಟ್ಮನ್ ಪ್ರೇಕ್ಷಕರ ನಡುವೆ ಹೋಗಿ ಕುದುರೆ ರೇಸಿನ ಪತ್ರಿಕೆ ಓದುತ್ತ ಕುಳಿತರು, ಆಮೇಲೆ ಕ್ಲಬ್ ಬಿಟ್ಟೇ ಹೋದರು. 21 ವರ್ಷದ ಹುಡುಗನ ಮಾತು ಕೋಚ್ ಮಾತಿಗಿಂತ ಮೇಲಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ. ಗುಟ್ಮನ್ ಹೆಸರೂ ನೆನಪಿರಲಿ, ಮುಂದೆ ಬೇಕಾಗುತ್ತದೆ.

1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಕಿಶ್ಪೆಶ್ಟ್ ಕ್ಲಬ್ಬನ್ನು ರಕ್ಷಣಾ ಇಲಾಖೆಯ ಕೈಗೆ ಕೊಟ್ಟಿತು. ಹೊಸ ಹೆಸರು ಹೊನ್ವೇಡ್. ದೇಶದ ಉತ್ತಮ ಆಟಗಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ನೆಪದಲ್ಲಿ ಅಲ್ಲಿಗೆ ತಂದರು. ಶಾಂದೋರ್ ಕೊಚಿಶ್, ಜೋಲ್ತಾನ್ ಟ್ಸಿಬೊರ್, ಗೋಲ್‌ಕೀಪರ್ ದ್ಯುಲಾ ಗ್ರೊಶಿಚ್ ಹೀಗೆ ಬಂದವರು. ಪುಷ್ಕಾಶ್‌ಗೆ ಮೇಜರ್ ಪದವಿಯವರೆಗೂ ಬಡ್ತಿ ಸಿಕ್ಕಿತು, ಬಂದೂಕು ಹಿಡಿಯುವ ಕೆಲಸ ಇರಲಿಲ್ಲ. ರಾಷ್ಟ್ರೀಯ ತಂಡದ ಮುಖ್ಯಸ್ಥ ಗುಸ್ತಾವ್ ಶೆಬೆಶ್ ಅವರಿಗೆ ಇದರಿಂದ ಆದ ಲಾಭ ಬಹಳ ದೊಡ್ಡದು. ವರ್ಷವಿಡೀ ಒಂದೇ ಕ್ಲಬ್‌ನಲ್ಲಿ ಕೂಡಿ ಆಡುವವರಲ್ಲಿ ಹಲವರು ದೇಶದ ಪರವೂ ಕೂಡಿ ಆಡುತ್ತಿದ್ದರು. ಬೇರೆ ದೇಶಗಳ ತಂಡಗಳು ಪಂದ್ಯಕ್ಕೆ ಕೆಲವು ದಿನ ಮೊದಲು ಸೇರಿ ಚದುರಿಹೋಗುತ್ತಿದ್ದವು.

ಈಗ ನಿಮ್ಮ ಮೊದಲ ಸಂದೇಹಕ್ಕೆ ಬರುತ್ತೇನೆ. ಆ 84 ಗೋಲುಗಳಲ್ಲಿ ಬಹುಪಾಲು ಸೌಹಾರ್ದ ಪಂದ್ಯಗಳಲ್ಲಿ ಬಂದವು, ಇದು ನಿಜ. 1950ರಲ್ಲಿ ಅಲ್ಬೇನಿಯಾವನ್ನು 12–0ರಿಂದ ಸೋಲಿಸಿದಂಥ ಏಕಪಕ್ಷೀಯ ಪಂದ್ಯಗಳೂ ಆ ಕಾಲದಲ್ಲಿವೆ. ಆದರೆ ಯುರೋಪಿಯನ್ ಚಾಂಪಿಯನ್‌ಷಿಪ್ ಶುರುವಾದದ್ದೇ 1960ರಲ್ಲಿ. ಅದಕ್ಕೂ ಮೊದಲು ಸೌಹಾರ್ದ ಪಂದ್ಯ ಎಂಬುದು ಇಂದಿನ ಹಾಗೆ ಆಟಗಾರರನ್ನು ಪರೀಕ್ಷಿಸಿ ನೋಡುವ ಪಂದ್ಯವಾಗಿರಲಿಲ್ಲ. ಇಂಗ್ಲೆಂಡ್, ಇಟಲಿ, ಆಸ್ಟ್ರಿಯಾದಂಥ ದೇಶಗಳು ತಮ್ಮ ಮರ್ಯಾದೆಯನ್ನು ಪಣಕ್ಕಿಟ್ಟು ಆಡುತ್ತಿದ್ದವು, ಒಂದು ಲಕ್ಷ ಜನ ಬಂದು ನೋಡುತ್ತಿದ್ದರು. 1953ರ ಮೇ ತಿಂಗಳಲ್ಲಿ ರೋಮ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಇಟಲಿಯನ್ನು 3–0ರಿಂದ ಸೋಲಿಸಿದಾಗ ಪುಷ್ಕಾಶ್ ಎರಡು ಗೋಲು ಹೊಡೆದರು. ಅದೇ ವರ್ಷ ನವೆಂಬರ್ 25ರಂದು ಲಂಡನ್‌ನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಎರಡು, ಆರು ತಿಂಗಳ ಬಳಿಕ ಬುಡಾಪೆಸ್ಟ್‌ನಲ್ಲಿ ಅದೇ ತಂಡದ ವಿರುದ್ಧ ಮತ್ತೆ ಎರಡು. ಇವನ್ನು ದುರ್ಬಲರ ಮೇಲೆ ಹೊಡೆದ ಗೋಲುಗಳು ಎನ್ನಲಾಗದು.

ವೆಂಬ್ಲಿ ಪಂದ್ಯದ ಫಲಿತಾಂಶ 6–3. ಬ್ರಿಟನ್ ಮತ್ತು ಐರ್ಲೆಂಡ್ ಆಚೆಯ ಯಾವ ದೇಶವೂ ಅಲ್ಲಿಯವರೆಗೆ ಇಂಗ್ಲೆಂಡನ್ನು ಅದರ ನೆಲದಲ್ಲಿ ಸೋಲಿಸಿರಲಿಲ್ಲ. ಹಂಗೆರಿಯ ತಂತ್ರ ಹೀಗಿತ್ತು: 9ನೇ ಸಂಖ್ಯೆಯ ನಾಂದೋರ್ ಹಿದೆಗ್ಕುತಿ ಮುಂಚೂಣಿಯಲ್ಲಿ ನಿಲ್ಲದೆ ಹಿಂದೆ ಸರಿದು ಆಡುತ್ತಿದ್ದರು. ಅವರನ್ನು ಕಾಯಬೇಕಾದ ಇಂಗ್ಲೆಂಡಿನ ಹ್ಯಾರಿ ಜಾನ್‌ಸ್ಟನ್ ಹಿಂಬಾಲಿಸಿ ಹೋದರೆ ಗೋಲಿನ ಮುಂದೆ ದೊಡ್ಡ ಖಾಲಿ ಜಾಗ. ಹೋಗದಿದ್ದರೆ ಹಿದೆಗ್ಕುತಿಯನ್ನು ತಡೆಯುವವರೇ ಇಲ್ಲ. ಆ ಖಾಲಿ ಜಾಗಕ್ಕೆ ಬಲಗಡೆಯಿಂದ ಕೊಚಿಶ್, ಎಡಗಡೆಯಿಂದ ಪುಷ್ಕಾಶ್ ನುಗ್ಗುತ್ತಿದ್ದರು. ಅಂದು ಹಿದೆಗ್ಕುತಿ ಮೂರು ಗೋಲು ಹೊಡೆದರು. ಆದರೂ ಜನರಿಗೆ ಇಂದು ನೆನಪಿರುವುದು ಪುಷ್ಕಾಶ್ ಅವರ ಒಂದು ಗೋಲು. ಗೋಲಿನ ಬಲಗಡೆ, ಇಕ್ಕಟ್ಟಾದ ಜಾಗದಲ್ಲಿ ಚೆಂಡು ಸಿಕ್ಕಿತು. ಇಂಗ್ಲೆಂಡಿನ ನಾಯಕ ಬಿಲ್ಲಿ ರೈಟ್ ಜಾರಿ ಬಂದು ಕಸಿಯಲು ನೋಡಿದರು. ಪುಷ್ಕಾಶ್ ಎಡಗಾಲಿನ ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆದುಕೊಂಡರು, ರೈಟ್ ಖಾಲಿ ನೆಲದ ಮೇಲೆ ಜಾರಿಕೊಂಡು ಹೋದರು. ಮರುಕ್ಷಣ ಅದೇ ಎಡಗಾಲಿನಿಂದ ಹತ್ತಿರದ ಕಂಬದ ಪಕ್ಕಕ್ಕೆ ಹೊಡೆತ. ಗಮನಿಸಿ, ಇದರಲ್ಲಿ ಓಟವೇ ಇಲ್ಲ. ಎರಡು ಚದರ ಅಡಿ ಜಾಗ, ಒಂದು ಕಾಲು, ಎದುರಾಳಿ ಯಾವ ಕ್ಷಣದಲ್ಲಿ ಮುನ್ನುಗ್ಗಿಬಿಡುತ್ತಾನೆ ಎಂಬ ಅರಿವು, ಇಷ್ಟೇ. ಈ ಮೂರಕ್ಕೂ ವಯಸ್ಸಾಗುವುದು ನಿಧಾನ.

ಇದಕ್ಕೂ ಹಿಂದಿನ ವರ್ಷ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಹಂಗೆರಿ ಚಿನ್ನ ಗೆದ್ದಿತ್ತು. ಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಪುಷ್ಕಾಶ್ ಪೆನಾಲ್ಟಿಯನ್ನು ಕಳೆದುಕೊಂಡರು, ಆಮೇಲೆ ಅವರೇ ಮೊದಲ ಗೋಲು ಹೊಡೆದರು. ಪಂದ್ಯ 2–0. ಅದೇ ಯುಗೊಸ್ಲಾವಿಯಾ ಆ ಕೂಟದ ಆರಂಭದಲ್ಲಿ ಭಾರತವನ್ನು 10–1ರಿಂದ ಸೋಲಿಸಿತ್ತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ ಪಂದ್ಯ ಅದು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಈಸ್ಟ್ ಬೆಂಗಾಲ್‌ನಲ್ಲಿ ಹೆಸರು ಮಾಡಿದ ಅವರನ್ನು ಕೋಲ್ಕತ್ತದವರು ನೆನೆಯುವಷ್ಟು ನಾವು ನೆನೆಯುವುದಿಲ್ಲ. ನನಗೆ ಅದು ಬೇಸರದ ವಿಷಯ, ಆದ್ದರಿಂದ ಇಲ್ಲಿ ಹೇಳಿದ್ದೇನೆ.

1954ರ ವಿಶ್ವಕಪ್‌ಗೆ ಹಂಗೆರಿ ಸ್ವಿಟ್ಜರ್ಲೆಂಡ್‌ಗೆ ಹೋದಾಗ ನಾಲ್ಕು ವರ್ಷಗಳಿಂದ ಸೋತಿರಲಿಲ್ಲ. ದಕ್ಷಿಣ ಕೊರಿಯಾ ವಿರುದ್ಧ 9–0, ಪಶ್ಚಿಮ ಜರ್ಮನಿ ವಿರುದ್ಧ 8–3. ಈ ಎರಡನೇ ಪಂದ್ಯದಲ್ಲಿ ಜರ್ಮನಿಯ ವೆರ್ನರ್ ಲೀಬ್ರಿಶ್ ಅವರ ಒದೆತಕ್ಕೆ ಪುಷ್ಕಾಶ್ ಅವರ ಪಾದದ ಗಂಟಿಗೆ ಪೆಟ್ಟಾಯಿತು. ಬ್ರೆಜಿಲ್, ಉರುಗ್ವೆ ವಿರುದ್ಧದ ಮುಂದಿನ ಎರಡು ಪಂದ್ಯಗಳನ್ನು ಹಂಗೆರಿ ಅವರಿಲ್ಲದೆಯೇ ಗೆದ್ದಿತು. ಜುಲೈ 4ರಂದು ಬೆರ್ನ್ ನಗರದಲ್ಲಿ ಫೈನಲ್. ಎದುರಿಗೆ ಮತ್ತೆ ಜರ್ಮನಿ. ಶೆಬೆಶ್ ಗಾಯಾಳು ನಾಯಕನನ್ನು ಕಣಕ್ಕಿಳಿಸಿದರು. ಈ ನಿರ್ಧಾರ ಸರಿಯೇ ತಪ್ಪೇ ಎಂಬ ವಾದ 70 ವರ್ಷಗಳಿಂದ ನಡೆದಿದೆ. ಆರನೇ ನಿಮಿಷದಲ್ಲೇ ಪುಷ್ಕಾಶ್ ಗೋಲು ಹೊಡೆದರು, ಎರಡು ನಿಮಿಷಗಳಲ್ಲಿ ಟ್ಸಿಬೊರ್ ಇನ್ನೊಂದು. 18ನೇ ನಿಮಿಷದ ಹೊತ್ತಿಗೆ ಜರ್ಮನಿ 2–2 ಮಾಡಿತು. ಮಳೆ, ಕೆಸರು. 84ನೇ ನಿಮಿಷದಲ್ಲಿ ಹೆಲ್ಮುಟ್ ರಾನ್ ಜರ್ಮನಿಯ ಮೂರನೇ ಗೋಲು ಹೊಡೆದರು. ಮುಗಿಯಲು ಎರಡು ಮೂರು ನಿಮಿಷಗಳಿರುವಾಗ ಪುಷ್ಕಾಶ್ ಚೆಂಡನ್ನು ಬಲೆಯೊಳಗೆ ಹಾಕಿದರು. ವೇಲ್ಸ್‌ನ ಲೈನ್ಸ್‌ಮನ್ ಮರ್ವಿನ್ ಗ್ರಿಫಿತ್ಸ್ ಆಫ್‌ಸೈಡ್ ಬಾವುಟ ಎತ್ತಿದರು, ಗೋಲು ರದ್ದಾಯಿತು. ಜರ್ಮನಿ 3–2ರಿಂದ ಗೆದ್ದಿತು.

ನನ್ನ ಅಭಿಪ್ರಾಯ ಕೇಳಿದರೆ, ಶೆಬೆಶ್ ಮಾಡಿದ್ದು ಅರ್ಥವಾಗುವಂಥದ್ದು, ಆದರೆ ಸರಿಯಲ್ಲ. ಬದಲಿ ಆಟಗಾರನಿಗೆ ಅವಕಾಶವಿಲ್ಲದ ಕಾಲದಲ್ಲಿ ಕುಂಟುವ ಕಾಲಿನವರನ್ನು ಇಳಿಸುವುದೆಂದರೆ ದ್ವಿತೀಯಾರ್ಧವನ್ನು ಹತ್ತೂವರೆ ಜನರೊಂದಿಗೆ ಆಡಲು ಒಪ್ಪಿದಂತೆ. ಅಂದು ಪುಷ್ಕಾಶ್ ಒಂದು ಗೋಲು ಹೊಡೆದರು, ಇನ್ನೊಂದನ್ನೂ ಬಲೆಗೆ ಸೇರಿಸಿದರು. ಸೋಲಿಗೆ ಅವರೊಬ್ಬರೇ ಕಾರಣರಲ್ಲ. ಆದರೂ ಉರುಗ್ವೆಯಂಥ ಹಾಲಿ ಚಾಂಪಿಯನ್ನರನ್ನು ಮಣಿಸಿದ ತಂಡವನ್ನು ಕದಲಿಸಬಾರದಿತ್ತು ಎಂದೇ ನಾನು ನಂಬುತ್ತೇನೆ.

ಈ ಸೋಲಿನ ಬಳಿಕವೂ ಹಂಗೆರಿ 1956ರ ಫೆಬ್ರುವರಿಯವರೆಗೆ ಒಂದೂ ಪಂದ್ಯ ಸೋಲಲಿಲ್ಲ. ಆ ತಂಡ ಒಡೆದದ್ದು ಮೈದಾನದಲ್ಲಲ್ಲ. 1956ರ ಅಕ್ಟೋಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ದಂಗೆ ಎದ್ದಿತು, ನವೆಂಬರ್‌ನಲ್ಲಿ ಸೋವಿಯತ್ ಟ್ಯಾಂಕ್‌ಗಳು ಅದನ್ನು ತುಳಿದುಹಾಕಿದವು. ಪುಷ್ಕಾಶ್ ಸತ್ತರು ಎಂಬ ಸುದ್ದಿ ಹೊರದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಅಸಲಿಗೆ ಹೊನ್ವೇಡ್ ತಂಡ ಯುರೋಪಿಯನ್ ಕಪ್‌ನಲ್ಲಿ (ಯುರೋಪಿನ ಕ್ಲಬ್‌ಗಳ ಕೂಟ, ಇಂದಿನ ಚಾಂಪಿಯನ್ಸ್ ಲೀಗ್) ಸ್ಪೇನ್‌ನ ಅಥ್ಲೆಟಿಕ್ ಬಿಲ್ಬಾವೊ ವಿರುದ್ಧ ಆಡಲು ದೇಶದಿಂದ ಹೊರಬಂದಿತ್ತು. ಬಿಲ್ಬಾವೊದಲ್ಲಿ 3–2ರಿಂದ ಸೋತರು. ತವರಿನ ಪಂದ್ಯವನ್ನು ತವರಿನಲ್ಲಿ ಆಡುವಂತಿರಲಿಲ್ಲ, ಬ್ರಸೆಲ್ಸ್‌ನಲ್ಲಿ ಆಡಬೇಕಾಯಿತು. ಅಲ್ಲಿ ಗೋಲ್‌ಕೀಪರ್ ಗಾಯಗೊಂಡು ವಿಂಗರ್ ಟ್ಸಿಬೊರ್ ಗೋಲು ಕಾಯುವಂತಾಯಿತು, ಪಂದ್ಯ 3–3. ಹೊನ್ವೇಡ್ ಹೊರಬಿತ್ತು. ಊರಿಗೆ ಮರಳುವ ಬದಲು ಆಟಗಾರರು ಫಿಫಾ ಮತ್ತು ಹಂಗೆರಿಯ ಫುಟ್‌ಬಾಲ್ ಸಂಸ್ಥೆಯ ನಿಷೇಧವನ್ನು ಮೀರಿ ಬ್ರೆಜಿಲ್ ಪ್ರವಾಸಕ್ಕೆ ಹೋದರು, ರಿಯೊದಲ್ಲಿ ಫ್ಲಾಮೆಂಗೊ, ಬೊಟಫೊಗೊ ಕ್ಲಬ್‌ಗಳ ವಿರುದ್ಧ ಆಡಿದರು. ಪ್ರವಾಸ ಮುಗಿದಾಗ ಒಬ್ಬೊಬ್ಬರೂ ತಮ್ಮ ದಾರಿ ತಾವೇ ಆರಿಸಿಕೊಳ್ಳಬೇಕಾಯಿತು. ಬೊಝಿಕ್ ಮರಳಿದರು. ಕೊಚಿಶ್, ಟ್ಸಿಬೊರ್, ಪುಷ್ಕಾಶ್ ಮರಳಲಿಲ್ಲ. ಬಾಲ್ಯದ ಗೆಳೆಯರಿಬ್ಬರು ಒಂದೇ ತಂಡದಲ್ಲಿ ಆಡುವುದು ಅಲ್ಲಿಗೆ ಮುಗಿಯಿತು. 85 ಪಂದ್ಯಗಳ ಲೆಕ್ಕ ನಿಂತದ್ದೂ ಅಲ್ಲಿಯೇ, ಅವರಿಗೆ 29 ವರ್ಷವಾಗಿದ್ದಾಗ. ನೀವು ಆ ಸಂಖ್ಯೆಯನ್ನು ನೋಡುವಾಗ ಇದನ್ನೂ ಸೇರಿಸಿ ನೋಡಿ.

ಹಂಗೆರಿಯ ಸಂಸ್ಥೆಯ ದೂರಿನ ಮೇಲೆ ಫಿಫಾ ಅವರಿಗೆ ಎರಡು ವರ್ಷಗಳ ನಿಷೇಧ ಹೇರಿತು. ಆಮೇಲೆ ಅದನ್ನು ಕಡಿಮೆ ಮಾಡಿದ್ದರಿಂದ ಅವರು ಅಧಿಕೃತ ಪಂದ್ಯಗಳಿಂದ ದೂರವಿದ್ದದ್ದು ಸುಮಾರು ಒಂದೂವರೆ ವರ್ಷ. ಹೆಂಡತಿ ಎರ್ಝೆಬೆತ್ ಮತ್ತು ಮಗಳು ಹಂಗೆರಿಯಿಂದ ಹೇಗೋ ಹೊರಬಂದು ಅವರನ್ನು ಸೇರಿಕೊಂಡರು. ಆಸ್ಟ್ರಿಯಾದಲ್ಲಿ, ಬಳಿಕ ಇಟಲಿಯ ಕರಾವಳಿಯಲ್ಲಿ ವಾಸ. ತರಬೇತಿ ಇಲ್ಲ, ಪಂದ್ಯ ಇಲ್ಲ, ಊಟ ಮಾತ್ರ ಚೆನ್ನಾಗಿತ್ತು. ತೂಕ ಏರಿತು. ಇಟಲಿಯ ದೊಡ್ಡ ಕ್ಲಬ್‌ಗಳು ವಯಸ್ಸು ಮತ್ತು ಹೊಟ್ಟೆ ನೋಡಿ ಹಿಂಜರಿದವು. ಆಗ ನೆರವಿಗೆ ಬಂದವರು ಎಮಿಲ್ ಓಸ್ಟ್ರೈಕರ್. ಹೊನ್ವೇಡ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಅವರು ಈಗ ರಿಯಲ್ ಮ್ಯಾಡ್ರಿಡ್‌ನಲ್ಲಿದ್ದರು. 1958ರಲ್ಲಿ ಕ್ಲಬ್ ಅಧ್ಯಕ್ಷ ಸಾಂತಿಯಾಗೊ ಬೆರ್ನಬೇವು ಕರೆಸಿಕೊಂಡಾಗ, ನಾನು 18 ಕಿಲೊ ಹೆಚ್ಚಿದ್ದೇನೆ ಎಂದು ಪುಷ್ಕಾಶ್ ಸ್ವತಃ ಎಚ್ಚರಿಸಿದರಂತೆ. ಅದನ್ನು ಇಳಿಸಿಕೊಳ್ಳುವುದು ನಿಮ್ಮ ಕೆಲಸ ಎಂದು ಬೆರ್ನಬೇವು ಒಪ್ಪಂದ ಮುಗಿಸಿದರಂತೆ.

ಇನ್ನು, ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ. ಮೊದಲ ಕಾರಣ ಹೊಡೆತ. ಪುಷ್ಕಾಶ್ ಹೆಚ್ಚುಕಡಿಮೆ ಪೂರ್ತಿ ಎಡಗಾಲಿನ ಆಟಗಾರ. ಬಹಳ ಜನ ಜೋರಾಗಿ ಹೊಡೆಯಲು ಕಾಲನ್ನು ದೂರ ಹಿಂದಕ್ಕೆ ಒಯ್ಯುತ್ತಾರೆ. ಆ ಕ್ಷಣದಲ್ಲಿ ಡಿಫೆಂಡರ್ ಅಡ್ಡ ಬರುತ್ತಾನೆ, ಗೋಲ್‌ಕೀಪರ್ ಸಿದ್ಧನಾಗುತ್ತಾನೆ. ಪುಷ್ಕಾಶ್ ಅವರ ಕಾಲು ಮೊಣಕಾಲಿನಿಂದ ಕೆಳಗೆ ಮಾತ್ರ ಚಾಟಿಯಂತೆ ಬೀಸುತ್ತಿತ್ತು, ಚೆಂಡು ಅಷ್ಟೇ ವೇಗವಾಗಿ ಹೋಗುತ್ತಿತ್ತು. ಹಾಗಾಗಿ ಅವರಿಗೆ ಹೊಡೆಯಲು ಜಾಗವೂ ಹೆಚ್ಚು ಬೇಡ, ಸಮಯವೂ ಹೆಚ್ಚು ಬೇಡ. ಹತ್ತು ಗಜ ಓಡಿ ಡಿಫೆಂಡರನ್ನು ಹಿಂದೆ ಹಾಕುವ ಸ್ಟ್ರೈಕರ್‌ಗೆ 31 ಎಂದರೆ ಕತ್ತಲು ಕವಿಯುವ ವಯಸ್ಸು. ಅರ್ಧ ಗಜ ಜಾಗದಲ್ಲಿ ಹೊಡೆಯಬಲ್ಲವರಿಗೆ ಹಾಗಲ್ಲ.

ಎರಡನೆಯದು, ಅವರು ಸೇರಿದ ತಂಡ. ಎಡ ಅಂಚಿನಲ್ಲಿ ಪಾಕೊ ಹೆಂಟೊ ಇದ್ದರು, ಆ ಕಾಲದ ಅತ್ಯಂತ ವೇಗದ ವಿಂಗರ್‌ಗಳಲ್ಲಿ ಒಬ್ಬರು. ಪುಷ್ಕಾಶ್ ಓಡಬೇಕಾದ ದೂರವನ್ನು ಹೆಂಟೊ ಓಡುತ್ತಿದ್ದರು. ನಡುವೆ ಆಲ್ಫ್ರೆಡೊ ಡಿ ಸ್ಟೆಫಾನೊ ಇದ್ದರು. ತಮ್ಮ ಗೋಲಿನ ಮುಂದಿನಿಂದ ಎದುರಾಳಿ ಗೋಲಿನ ಮುಂದಿನವರೆಗೂ ಮೈದಾನವೆಲ್ಲ ಅವರದೇ. ಅವರು ಹಿಂದೆ ಬಂದು ಚೆಂಡು ಪಡೆದಾಗ ಮುಂದೆ ಖಾಲಿ ಜಾಗ ಏಳುತ್ತಿತ್ತು. ಹಿದೆಗ್ಕುತಿ ಹಿಂದೆ ಸರಿದಾಗ ಏಳುತ್ತಿದ್ದ ಅದೇ ಜಾಗ! ಆ ಜಾಗದಲ್ಲಿ ಯಾವಾಗ, ಯಾವ ಕೋನದಲ್ಲಿ ನಿಲ್ಲಬೇಕೆಂಬುದನ್ನು ಪುಷ್ಕಾಶ್ ವರ್ಷಗಟ್ಟಲೆ ಅಭ್ಯಾಸ ಮಾಡಿಯೇ ಬಂದಿದ್ದರು. ಮ್ಯಾಡ್ರಿಡ್‌ನಲ್ಲಿ ಅವರು ಹೊಸ ಆಟ ಕಲಿಯಬೇಕಾಗಿ ಬರಲಿಲ್ಲ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದು ಭಾವಿಸುತ್ತೇನೆ. ಮ್ಯಾಡ್ರಿಡ್‌ನಲ್ಲಿ ಡಿ ಸ್ಟೆಫಾನೊ ಮಾತೇ ಕೊನೆಯ ಮಾತು. ಅವರೊಂದಿಗೆ ಹೊಂದಿಕೊಳ್ಳಲಾಗದೆ ದೊಡ್ಡ ಆಟಗಾರರೇ ಸೊರಗಿದ್ದರು. ಬ್ರೆಜಿಲ್‌ನ ಡಿಡಿ ವಿಶ್ವಕಪ್ ಗೆದ್ದು ಬಂದು ಒಂದೇ ಋತುವಿನಲ್ಲಿ ಮರಳಿದರು. ಇತ್ತ ಪುಷ್ಕಾಶ್ ಯಾರು? 21ನೇ ವಯಸ್ಸಿನಲ್ಲಿ ಕೋಚ್‌ನ ಆಜ್ಞೆಯನ್ನು ತಿರುಗಿಸಿದವರು, ಇಡೀ ಹಂಗೆರಿ ತಂಡಕ್ಕೆ ಒಡೆಯನಂತಿದ್ದವರು. ಅಂಥವರು ಇಲ್ಲಿ ತಾನಾಗಿ ಎರಡನೆಯ ಸ್ಥಾನ ಒಪ್ಪಿಕೊಂಡರು. ಮೊದಲ ಋತುವಿನ ಕೊನೆಯ ಪಂದ್ಯದಲ್ಲಿ ಇಬ್ಬರ ಗೋಲುಗಳೂ ಸಮನಾಗಿದ್ದಾಗ, ತಾವೇ ಹೊಡೆಯಬಹುದಾಗಿದ್ದ ಚೆಂಡನ್ನು ಡಿ ಸ್ಟೆಫಾನೊಗೆ ಕೊಟ್ಟು ಅವರನ್ನು ಅಗ್ರಸ್ಥಾನಕ್ಕೇರಿಸಿದರು ಎಂಬ ಕಥೆಯನ್ನು ಸ್ಪೇನ್‌ನಲ್ಲಿ ಎಲ್ಲರೂ ಹೇಳುತ್ತಾರೆ. ಲೀಗ್ ದಾಖಲೆಯಲ್ಲಿ ಡಿ ಸ್ಟೆಫಾನೊ 23, ಪುಷ್ಕಾಶ್ 21. ಎರಡು ಗೋಲಿನ ಅಂತರವಿರುವುದರಿಂದ ಕಥೆಗೆ ಬಣ್ಣ ಸೇರಿರಬೇಕು. ಆದರೆ ಅವರಿಬ್ಬರ ಸಂಬಂಧ ಎಂಥದ್ದೆಂದು ಜೊತೆಯವರು ಕಂಡದ್ದು ಅದರಲ್ಲಿದೆ. ಬೆವರಿಳಿಸಿ ತೂಕ ಕಳೆದುಕೊಂಡದ್ದಕ್ಕಿಂತ, ಬೀಗುವಿಕೆಯನ್ನು ಕಳೆದುಕೊಂಡದ್ದು ಅವರನ್ನು ಎಂಟು ವರ್ಷ ಅಲ್ಲಿ ಉಳಿಸಿತು ಎಂಬುದು ನನ್ನ ನಂಬಿಕೆ.

ಲೆಕ್ಕ ಬೇಕಿದ್ದರೆ ಇದು: ರಿಯಲ್ ಮ್ಯಾಡ್ರಿಡ್ ಪರ 262 ಪಂದ್ಯ, 242 ಗೋಲು. ಲೀಗ್‌ನಲ್ಲಷ್ಟೇ 180 ಪಂದ್ಯಗಳಲ್ಲಿ 156. ನಾಲ್ಕು ಋತುಗಳಲ್ಲಿ ಸ್ಪೇನ್‌ನ ಅತಿ ಹೆಚ್ಚು ಗೋಲು ಹೊಡೆದವರು. 1961ರಿಂದ 1965ರವರೆಗೆ ಸತತ ಐದು ಲೀಗ್ ಪ್ರಶಸ್ತಿ. 1965ರ ಸೆಪ್ಟೆಂಬರ್‌ನಲ್ಲಿ ಫೆಯೆನೂರ್ಡ್ ವಿರುದ್ಧ ಯುರೋಪಿಯನ್ ಕಪ್ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದಾಗ ಅವರಿಗೆ 38.

ಯುರೋಪಿಯನ್ ಕಪ್‌ನ ಎರಡು ಫೈನಲ್‌ಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮೊದಲನೆಯದು 1960ರ ಮೇ 18, ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್. ಎದುರಾಳಿ ಜರ್ಮನಿಯ ಐನ್‌ಟ್ರಾಖ್ಟ್ ಫ್ರಾಂಕ್‌ಫರ್ಟ್. 1954ರ ಫೈನಲ್‌ನಲ್ಲಿ ಜರ್ಮನ್ನರು ಉದ್ದೀಪನ ಮದ್ದು ಸೇವಿಸಿದ್ದರು ಎಂದು ಪುಷ್ಕಾಶ್ ಹಿಂದೆ ಆರೋಪಿಸಿದ್ದರು. ಸಿಟ್ಟಿಗೆದ್ದ ಜರ್ಮನ್ ಸಂಸ್ಥೆ, ಅವರಿರುವ ತಂಡದ ವಿರುದ್ಧ ತನ್ನ ಕ್ಲಬ್‌ಗಳು ಆಡಕೂಡದು ಎಂದಿತ್ತು. ಪುಷ್ಕಾಶ್ ಕ್ಷಮೆ ಕೇಳಿ ಪತ್ರ ಬರೆದ ಮೇಲೆಯೇ ಪಂದ್ಯ ನಡೆಯಿತು. 1,27,000ಕ್ಕೂ ಹೆಚ್ಚು ಜನರ ಮುಂದೆ ಮ್ಯಾಡ್ರಿಡ್ 7–3ರಿಂದ ಗೆದ್ದಿತು. ಡಿ ಸ್ಟೆಫಾನೊ ಮೂರು, ಪುಷ್ಕಾಶ್ ನಾಲ್ಕು. ಆ ಕಪ್‌ನ ಫೈನಲ್‌ನಲ್ಲಿ ನಾಲ್ಕು ಗೋಲು ಹೊಡೆದವರು ಇಂದಿಗೂ ಅವರೊಬ್ಬರೇ.

ಎರಡನೆಯದು 1962, ಆಮ್‌ಸ್ಟರ್‌ಡ್ಯಾಮ್, ಪೋರ್ಚುಗಲ್‌ನ ಬೆನ್ಫಿಕಾ ವಿರುದ್ಧ. ಮೊದಲಾರ್ಧದಲ್ಲೇ ಪುಷ್ಕಾಶ್ ಹ್ಯಾಟ್ರಿಕ್ ಹೊಡೆದರು. ಬೆನ್ಫಿಕಾದ ಕೋಚ್ ಯಾರು ಗೊತ್ತೇ? ಕಿಶ್ಪೆಶ್ಟ್ ಬಿಟ್ಟು ಹೋಗಿದ್ದ ಅದೇ ಬೇಲಾ ಗುಟ್ಮನ್. ದ್ವಿತೀಯಾರ್ಧದಲ್ಲಿ ಅವರ ಹುಡುಗರು ಪಂದ್ಯವನ್ನು ತಿರುಗಿಸಿ 5–3ರಿಂದ ಗೆದ್ದರು. ಕೊನೆಯ ಎರಡು ಗೋಲು 20 ವರ್ಷದ ಯುಸೇಬಿಯೊ ಅವರದು. ಪಂದ್ಯ ಮುಗಿದ ಮೇಲೆ ಪುಷ್ಕಾಶ್ ತಮ್ಮ ಅಂಗಿಯನ್ನು ಆ ಹುಡುಗನಿಗೆ ಕೊಟ್ಟರು. ಫೈನಲ್‌ನಲ್ಲಿ ಮೂರು ಗೋಲು ಹೊಡೆದು ಸೋತವರ ನೋವು ಏನೆಂದು ಆಡಿದವರಿಗೆ ಗೊತ್ತು. ಆ ಹೊತ್ತಿನಲ್ಲಿ ಎದುರಾಳಿಯ ಪ್ರತಿಭೆಯನ್ನು ಗುರುತಿಸುವ ಮನಸ್ಸು ಇದ್ದದ್ದಕ್ಕಾಗಿ ನಾನು ಈ ಮನುಷ್ಯನನ್ನು ಬಹಳ ಗೌರವಿಸುತ್ತೇನೆ.

ಎರಡು ದೇಶಗಳ ವಿಷಯ ಸರಳ. ಆಗಿನ ನಿಯಮಗಳಲ್ಲಿ ಪೌರತ್ವ ಬದಲಾದರೆ ಹೊಸ ದೇಶದ ಪರ ಆಡಬಹುದಿತ್ತು. ಡಿ ಸ್ಟೆಫಾನೊ ಅರ್ಜೆಂಟೀನಾ, ಸ್ಪೇನ್ ಎರಡರ ಪರವೂ ಆಡಿದರು. ಬಾರ್ಸಿಲೋನಾದ ಲಾಸ್ಲೊ ಕುಬಾಲಾ ಮೂರು ದೇಶಗಳ ಪರ ಆಡಿದವರು. 1960ರ ದಶಕದಲ್ಲಿ ಫಿಫಾ ಈ ನಿಯಮವನ್ನು ಬಿಗಿಗೊಳಿಸಿತು. ಸ್ಪೇನ್ ಪರ ಪುಷ್ಕಾಶ್ ಆಡಿದ್ದು ನಾಲ್ಕೇ ಪಂದ್ಯ, ಅವುಗಳಲ್ಲಿ ಮೂರು 1962ರ ಚಿಲಿ ವಿಶ್ವಕಪ್‌ನಲ್ಲಿ. ಗೋಲು ಒಂದೂ ಇಲ್ಲ, ಸ್ಪೇನ್ ಮೊದಲ ಸುತ್ತಿನಲ್ಲೇ ಹೊರಬಿತ್ತು.

1966ರಲ್ಲಿ ಆಟ ನಿಲ್ಲಿಸಿದ ಮೇಲೆ ತರಬೇತುದಾರರಾಗಿ ಖಂಡಖಂಡ ಸುತ್ತಿದರು. ಸ್ಪೇನ್, ಅಮೆರಿಕ, ಕೆನಡಾ, ಗ್ರೀಸ್, ಚಿಲಿ, ಈಜಿಪ್ಟ್, ಪರಾಗ್ವೆ, ಆಸ್ಟ್ರೇಲಿಯಾ. ಇವುಗಳಲ್ಲಿ ಗ್ರೀಸ್‌ನ ಪನಾಥಿನಾಯ್ಕೋಸ್ ಕ್ಲಬ್ಬನ್ನು 1971ರ ಯುರೋಪಿಯನ್ ಕಪ್ ಫೈನಲ್‌ಗೆ ಒಯ್ದದ್ದು ದೊಡ್ಡ ಸಾಧನೆ. ಸೆಮಿಫೈನಲ್‌ನಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ವಿರುದ್ಧ 4–1ರಿಂದ ಸೋತು, ತವರಿನಲ್ಲಿ 3–0ರಿಂದ ಗೆದ್ದು ಮುಂದೆ ಹೋದ ತಂಡ ಅದು. ಫೈನಲ್ ವೆಂಬ್ಲಿಯಲ್ಲೇ ನಡೆಯಿತು. ಯೋಹಾನ್ ಕ್ರೈಫ್ ಇದ್ದ ಆಯಾಕ್ಸ್ 2–0ರಿಂದ ಗೆದ್ದಿತು. ಆಸ್ಟ್ರೇಲಿಯಾದ ಸೌತ್ ಮೆಲ್ಬರ್ನ್ ತಂಡ 1991ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದದ್ದು ಅವರ ತರಬೇತಿಯಲ್ಲಿ. ಅಂದಿನ ನಾಯಕ ಆಂಜ್ ಪೊಸ್ಟೆಕೊಗ್ಲು ಮುಂದೆ ಇಂಗ್ಲೆಂಡ್‌ನ ಟಾಟನ್‌ಹ್ಯಾಮ್ ಕ್ಲಬ್‌ನ ಕೋಚ್ ಆದರು.

ತವರಿಗೆ ಅವರು ಮೊದಲ ಬಾರಿ ಮರಳಿ ಹೋದದ್ದು 1981ರಲ್ಲಿ, 25 ವರ್ಷಗಳ ನಂತರ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಬುಡಾಪೆಸ್ಟ್‌ನಲ್ಲೇ ನೆಲೆಸಿದರು, 1993ರಲ್ಲಿ ಕೆಲವು ಪಂದ್ಯಗಳ ಮಟ್ಟಿಗೆ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಕೊನೆಯ ವರ್ಷಗಳನ್ನು ಆಲ್‌ಝೈಮರ್ ಕಾಯಿಲೆ ತಿಂದುಹಾಕಿತು. 2006ರ ನವೆಂಬರ್ 17ರಂದು ತೀರಿಕೊಂಡರು. ದೇಶದ್ರೋಹಿ ಎಂದು ಹಿಂದೆ ದೂರವಿಟ್ಟಿದ್ದ ದೇಶ ಅವರನ್ನು ಸರ್ಕಾರಿ ಗೌರವದೊಂದಿಗೆ ಸಂತ ಸ್ಟೀಫನ್ ಬೆಸಿಲಿಕಾದಲ್ಲಿ ಸಮಾಧಿ ಮಾಡಿತು. ಯುರೋಪಿಯನ್ನರಲ್ಲಿ ಅವರ 84 ಗೋಲುಗಳ ದಾಖಲೆಯನ್ನು ಮೊದಲು ದಾಟಿದವರು ಕ್ರಿಸ್ಟಿಯಾನೊ ರೊನಾಲ್ಡೊ, ಅದೂ 2018ರ ವಿಶ್ವಕಪ್‌ನಲ್ಲಿ. ನಮ್ಮ ಬೆಂಗಳೂರು ಎಫ್‌ಸಿಯ ಛೆಟ್ರಿ ಅದನ್ನು ದಾಟಿದ್ದು 2023ರಲ್ಲಿ.

ಫಿಫಾ 2009ರಿಂದ ವರ್ಷದ ಅತ್ಯಂತ ಸುಂದರ ಗೋಲಿಗೆ ಪುಷ್ಕಾಶ್ ಹೆಸರಿನ ಪ್ರಶಸ್ತಿ ಕೊಡುತ್ತಿದೆ. ಹೆಸರು ಉಳಿದದ್ದು ಸಂತೋಷ. ಆದರೆ ಗಾಳಿಯಲ್ಲಿ ಮಗುಚಿ ಒದೆಯುವ, ಅರ್ಧ ಮೈದಾನದಿಂದ ಹೊಡೆಯುವ ಗೋಲುಗಳನ್ನೇ ಅಲ್ಲಿ ನೋಡಿದವರಿಗೆ ಪುಷ್ಕಾಶ್ ಅಂಥ ಆಟಗಾರ ಎಂಬ ಕಲ್ಪನೆ ಬರುತ್ತದೆ. ಅವರ ಗುಣ ಬೇರೆಯೇ. ಸರಿಯಾದ ಜಾಗದಲ್ಲಿ ನಿಂತು, ಕಡಿಮೆ ಚಲನೆಯಲ್ಲಿ, ಗೋಲ್‌ಕೀಪರ್‌ಗೆ ಎಟುಕದ ಮೂಲೆಗೆ ಹೊಡೆಯುವುದು.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ವೆಂಬ್ಲಿ ಪಂದ್ಯದ ಆ ಗೋಲನ್ನು ಒಮ್ಮೆ ನೋಡಿ, ಆದರೆ ಪೂರ್ತಿ ಪಂದ್ಯ ನೋಡುವ ಮನಸ್ಸಿದ್ದರೆ 1960ರ ಹ್ಯಾಂಪ್ಡನ್ ಫೈನಲ್ ನೋಡಿ. ಆ ಪಂದ್ಯದ ಕಪ್ಪು ಬಿಳುಪು ಚಿತ್ರೀಕರಣ ಉಳಿದಿದೆ, ಹುಡುಕಿದರೆ ಸಿಗುತ್ತದೆ. ಮೊದಲ ಸಲ ನೋಡುವಾಗ ಕಣ್ಣು ತಾನಾಗಿ ಡಿ ಸ್ಟೆಫಾನೊ ಹಿಂದೆ ಹೋಗುತ್ತದೆ, ಹೋಗಲಿ. ಎರಡನೇ ಸಲ ಚೆಂಡನ್ನು ಬಿಟ್ಟು 10ನೇ ಸಂಖ್ಯೆಯ ದಪ್ಪ ಮನುಷ್ಯನನ್ನು ಮಾತ್ರ ನೋಡಿ. ಚೆಂಡು ಬೇರೆಡೆ ಇರುವಾಗ ಅವರು ನಡೆಯುತ್ತಾರೆ, ನಿಲ್ಲುತ್ತಾರೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಮೊದಲಾರ್ಧದ ಕೊನೆಯಲ್ಲಿ ಎಡಗಡೆಯ ಕಿರಿದಾದ ಕೋನದಿಂದ ಬಲೆಯ ಮೇಲ್ಭಾಗಕ್ಕೆ ಹೊಡೆದ ಅವರ ಮೊದಲ ಗೋಲು ಬಂದಾಗ ಅಲ್ಲಿಯೇ ನಿಲ್ಲಿಸಿ, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ, ಹೊಡೆಯುವ ಮುನ್ನ ಕಾಲು ಎಷ್ಟು ಹಿಂದಕ್ಕೆ ಹೋಯಿತು ಎಂಬುದನ್ನು ನೋಡಿ.